ಕಾವಲುಗಾರನಿಗೂ ಕೂಳು ಬೇಕು

ಮನೆಯ ಹಿತ್ತಲಲ್ಲಿ, ಮಾಳಿಗೆಯ ಮೇಲೆ, ಕಿಟಕಿಯಂಚಿನ ಕುಂಡಗಳಲ್ಲಿ ನಾಲ್ಕು ಗಿಡಗಳನ್ನು ಬೆಳೆಸಿ, ಒಂದು ಹೊತ್ತಿನ ಪಲ್ಯಕ್ಕಾಗುವಷ್ಟು ಕಾಯಿ ಬಿಡಿಸಿಕೊಳ್ಳುವ ಹವ್ಯಾಸವು ನಮ್ಮ ಪಟ್ಟಣಗಳಲ್ಲಿ ಹಬ್ಬುತ್ತಿರುವುದು ಸಂತೋಷದ ಸಂಗತಿ. ಪೇಟೆಯ ತರಕಾರಿಗೆ ಏನೇನು ಸಿಂಪಡಿಸಿರುವರೋ ಎಂಬ ಅಳುಕೇ ಅನೇಕರನ್ನು ಈ ಕೆಲಸಕ್ಕೆ ಹಚ್ಚಿದೆ. ಹೀಗಿರುವಲ್ಲಿ, ಅಲಸಂದೆಯ ಕುಡಿಯಲ್ಲಿ ಹತ್ತು ಗಿಡಹೇನುಗಳು ಕಂಡೊಡನೆ ಅದೇ ಗೃಹಸ್ಥನು ಗೊಬ್ಬರದ ಅಂಗಡಿಗೆ ಧಾವಿಸಿ, ಒಂದು ಸೀಸೆ ವಿಷವನ್ನು ಕೊಂಡುತಂದು, ತನ್ನ ಮಕ್ಕಳು ತಿನ್ನುವ ಕಾಯಿಯ ಮೇಲೆ ತನ್ನ ಕೈಯಾರೆ ಎರಚುವುದನ್ನು ಏನೆನ್ನಬೇಕು? ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡ ಹಾಗೆ ಆಗಲಿಲ್ಲವೆ?

ವಿಷದಿಂದ ತಿನ್ನುವವರಿಗೆ ಆಗುವ ಕೇಡನ್ನು ಕುರಿತು ಈಗಾಗಲೇ ಬಹಳಷ್ಟು ಬರೆಯಲಾಗಿದೆ. ಅದನ್ನೇ ಮತ್ತೆ ಹೇಳುವುದು ನಮ್ಮ ಉದ್ದೇಶವಲ್ಲ. ಅಷ್ಟಾಗಿ ಯಾರ ಗಮನಕ್ಕೂ ಬಾರದ ಇನ್ನೊಂದು ಕೇಡಿನತ್ತ ವಾಚಕರ ಲಕ್ಷ್ಯವನ್ನು ಸೆಳೆಯಬೇಕಾಗಿದೆ. ಈ ಸಿಂಪರಣೆಯು ಶತ್ರುವಿಗಿಂತ ಮೊದಲು ಮಿತ್ರನನ್ನು ಕೊಲ್ಲುತ್ತದೆ. ಮಿತ್ರನು ಸತ್ತ ಮೇಲೆ ಶತ್ರುವು ಮೊದಲಿಗಿಂತ ಹೆಚ್ಚಾಗಿ ಮರಳಿ ಬರುತ್ತದೆ. ಆದಕಾರಣ ಗಿಡದ ಮೇಲೆ ಕೊಂಚ ಹುಳು ಇರಗೊಡುವುದೇ ಗಿಡವನ್ನು ಕಾಪಾಡುವ ಜಾಣತನವೆಂಬುದು ನಮ್ಮ ವಾದ. ಕೇಳಿದ ಮಾತ್ರಕ್ಕೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಇದರ ಹಿಂದೆ ಗಣಿತವೂ ಇದೆ, ಪ್ರಯೋಗವೂ ಇದೆ, ನೂರಾರು ವರ್ಷಗಳ ಅನುಭವವೂ ಇದೆ.

ಮೊದಲು ಈ ಮಿತ್ರರ ಪರಿಚಯವಾಗಲಿ. ಬೇರೆ ಜೀವಿಗಳನ್ನು ಹಿಡಿದು ತಿಂದು ಬದುಕುವ ಕೀಟಗಳಿಗೆ ಪರಭಕ್ಷಕಗಳೆಂದು ಹೆಸರು. ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಗುಲಗಂಜಿ ಹುಳು. ಕೆಂಪು ಅಥವಾ ಹಳದಿ ಬೆನ್ನಿನ ಮೇಲೆ ಕಪ್ಪು ಗುರುತುಗಳನ್ನುಳ್ಳ ಈ ದುಂಡು ಜೀವಿಯನ್ನು ಕಂಡು ಸಂತೋಷಪಡದ ಮಕ್ಕಳಿಲ್ಲ. ಆದರೆ ಇದರ ಮರಿಯನ್ನು ಗುರುತಿಸಬಲ್ಲವರು ವಿರಳ. ಕಪ್ಪಗೆ, ಉದ್ದಕ್ಕೆ, ಮೈಯೆಲ್ಲ ಮುಳ್ಳುಮುಳ್ಳಾಗಿ, ಪುಟ್ಟ ಮೊಸಳೆಯಂತೆ ಕಾಣುವ ಆ ಮರಿಯನ್ನು ಶತ್ರುವೆಂದು ಬಗೆದು ಹೊಸಕಿಹಾಕುವವರೇ ಹೆಚ್ಚು. ತಾಯಿಗಿಂತ ಮರಿಯದೇ ದೊಡ್ಡ ಹೊಟ್ಟೆ. ಒಂದು ಗುಲಗಂಜಿ ಹುಳು ತನ್ನ ಜೀವಮಾನದಲ್ಲಿ ನೂರಾರು ಗಿಡಹೇನುಗಳನ್ನು ತಿಂದು ಮುಗಿಸುತ್ತದೆ.

ಎರಡನೆಯದು ಹಸಿರು ಜಾಲರೆಕ್ಕೆಯ ಕೀಟ. ಎಲೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ತೊಟ್ಟುಗಳನ್ನು ನಿಲ್ಲಿಸಿ, ಒಂದೊಂದರ ತುದಿಗೂ ಒಂದೊಂದು ಮೊಟ್ಟೆಯನ್ನು ಅಂಟಿಸುವುದು ಇದರ ಪದ್ಧತಿ. ಮೊದಲು ಹುಟ್ಟಿದ ಮರಿಯು ಪಕ್ಕದ ಮೊಟ್ಟೆಯನ್ನೇ ತಿಂದುಬಿಡುವಷ್ಟು ಹಸಿವಿನ ಕುಲವಾದ್ದರಿಂದ ಈ ಏರ್ಪಾಡು. ಪ್ರಯೋಗಶಾಲೆಯಲ್ಲಿಯೂ ಇದರ ಮರಿಗಳನ್ನು ಒಂದೊಂದು ಗೂಡಿನಲ್ಲಿ ಪ್ರತ್ಯೇಕವಾಗಿಟ್ಟೇ ಸಾಕಬೇಕು. ಮೂರನೆಯದು ಹೂನೊಣ. ಜೇನ್ನೊಣದಂತೆ ವೇಷ ಹಾಕಿ, ಗಾಳಿಯಲ್ಲಿ ನಿಂತಲ್ಲಿಯೇ ನಿಂತಿರಬಲ್ಲ ಈ ನೊಣವು ಹೂವಿನ ಮಧುವನ್ನು ಹೀರಿ ಜೀವಿಸುತ್ತದೆ. ಇದರ ಹಲವು ಜಾತಿಗಳ ಕಾಲಿಲ್ಲದ ಮರಿಯಾದರೋ ಗಿಡಹೇನುಗಳ ಹಿಂಡಿನ ನಡುವೆ ಮಲಗಿ ಒಂದೊಂದಾಗಿ ಹೀರುತ್ತದೆ. ಇವಲ್ಲದೆ ಜೇಡಗಳಿವೆ, ಕೆಂಪು ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳಿವೆ. ಜೇಡ ನುಸಿಗಳೆರಡೂ ಎಂಟು ಕಾಲಿನವಾದ್ದರಿಂದ ಶಾಸ್ತ್ರದ ದೃಷ್ಟಿಯಲ್ಲಿ ಕೀಟಗಳಲ್ಲವಾದರೂ ಕಾವಲಿನ ಕೆಲಸದಲ್ಲಿ ಕೀಟಗಳಿಗೆ ಕಡಿಮೆಯಿಲ್ಲ.

ಇಂಥ ಸೇವಕರನ್ನು ಮನುಷ್ಯನು ನಿನ್ನೆ ಮೊನ್ನೆ ಕಂಡುಕೊಂಡದ್ದಲ್ಲ. ಕ್ರಿಸ್ತಶಕ ೪ನೆಯ ಶತಮಾನದಷ್ಟು ಹಿಂದೆಯೇ ದಕ್ಷಿಣ ಚೀನದ ತೋಟಗಾರರು ಕಿತ್ತಳೆ ಜಾತಿಯ ಮರಗಳನ್ನು ಕಾಯಲು ಇರುವೆಯ ಗೂಡುಗಳನ್ನು ಪೇಟೆಯಲ್ಲಿ ಕೊಂಡುತಂದು ಮರಕ್ಕೆ ಕಟ್ಟುತ್ತಿದ್ದರೆಂದು ತಿಳಿದುಬರುತ್ತದೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಆ ಇರುವೆ ಬೇರೆ ಯಾವುದೂ ಅಲ್ಲ; ನಮ್ಮ ಮಲೆನಾಡಿನವರು ಚಟ್ನಿ ಅರೆದು ತಿನ್ನುವ ಚಗಳಿಯ ಜಾತಿಯೇ ಅದು.

ಇನ್ನು ಆಧುನಿಕ ಯುಗದ ಪ್ರಸಿದ್ಧ ನಿದರ್ಶನವೆಂದರೆ ಅಮೆರಿಕದ ಕ್ಯಾಲಿಫೋರ್ನಿಯದ್ದು. ೧೮೬೮ರ ಸುಮಾರಿಗೆ ಆಸ್ಟ್ರೇಲಿಯದಿಂದ ಗಿಡಗಳೊಡನೆ ಬಂದ ಬಿಳಿಯ ಶಲ್ಕಕೀಟವೊಂದು ಅಲ್ಲಿಯ ಕಿತ್ತಳೆ ತೋಟಗಳನ್ನು ಸುಡುವ ಸ್ಥಿತಿಗೆ ತಂದಿತ್ತು. ೧೮೮೮ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞನು ಆಸ್ಟ್ರೇಲಿಯಕ್ಕೆ ಹೋಗಿ, ಆ ಶಲ್ಕಕೀಟವನ್ನು ತಿನ್ನುವ ವೆಡಾಲಿಯ ಎಂಬ ಗುಲಗಂಜಿ ಹುಳುವನ್ನು ಕಳುಹಿಸಿದನು. ಮೊದಲ ಕಂತುಗಳಲ್ಲಿ ಬಂದಿಳಿದ ಹುಳುಗಳು ಕೇವಲ ೧೨೯. ಎರಡು ವರ್ಷ ಮುಗಿಯುವುದರೊಳಗೆ ಕಿತ್ತಳೆಯ ಉದ್ಯಮವು ಉಳಿದುಕೊಂಡಿತು. ಅದೇ ಶಲ್ಕಕೀಟವು ನಮ್ಮ ನೀಲಗಿರಿಯಲ್ಲಿ ಕಾಣಿಸಿಕೊಂಡಾಗಲೂ, ೧೯೨೯ರ ಸುಮಾರಿಗೆ ಆರಂಭಿಸಿ, ವೆಡಾಲಿಯವನ್ನೇ ತರಿಸಿ ಬಿಡಲಾಯಿತು.

ಈ ಕಥೆಗೆ ಒಂದು ಉತ್ತರಾರ್ಧವುಂಟು. ನಮ್ಮ ಪ್ರಸ್ತುತ ವಾದಕ್ಕೆ ಅದೇ ಮುಖ್ಯ. ಎರಡನೆಯ ಮಹಾಯುದ್ಧದ ತರುವಾಯ, ೧೯೪೦ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯದ ತೋಟಗಳಿಗೆ ಬೇರೆ ಕೀಟಗಳ ಸಲುವಾಗಿ ಡಿ.ಡಿ.ಟಿ. ಸಿಂಪಡಿಸತೊಡಗಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಡಗಿದ್ದ ಶಲ್ಕಕೀಟವು ಮತ್ತೆ ತಲೆಯೆತ್ತಿತು. ವಿಷವು ವೆಡಾಲಿಯವನ್ನು ಕೊಂದಿತ್ತು; ಶಲ್ಕಕೀಟವನ್ನು ಅಷ್ಟಾಗಿ ಬಾಧಿಸಿರಲಿಲ್ಲ. ಸಿಂಪರಣೆಯನ್ನು ತಡೆದು, ವೆಡಾಲಿಯವನ್ನು ಪುನಃ ತಂದು ಬಿಡಬೇಕಾಯಿತು.

ಹೀಗಾಗುವುದು ಆಕಸ್ಮಿಕವಲ್ಲ. ಇಟಲಿಯ ಗಣಿತಜ್ಞ ವಿಟೊ ವೊಲ್ಟೆರಾ ೧೯೨೬ರಲ್ಲಿಯೇ ಇದರ ಮರ್ಮವನ್ನು ಸಮೀಕರಣಗಳಲ್ಲಿ ತೋರಿಸಿದನು. ಅವನ ಮುಂದಿದ್ದದ್ದು ಕೀಟದ ಪ್ರಶ್ನೆಯಲ್ಲ, ಮೀನಿನ ಪ್ರಶ್ನೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕುಗ್ಗಿದಾಗ, ಹಿಡಿದ ಮೀನುಗಳಲ್ಲಿ ಬೇಟೆಗಾರ ಮೀನುಗಳ ಪ್ರಮಾಣವು ಹೆಚ್ಚಾಗಿತ್ತೆಂದು ಉಂಬೆರ್ಟೊ ದಾಂಕೋನ ಎಂಬ ಜೀವವಿಜ್ಞಾನಿಯು ಗಮನಿಸಿದ್ದನು. ಇದೇಕೆಂದು ವೊಲ್ಟೆರಾ ಲೆಕ್ಕಹಾಕಿದಾಗ ದೊರೆತ ಉತ್ತರ ಇದು: ಬೇಟೆಗಾರನೂ ಬೇಟೆಯೂ ಕೂಡಿ ಬಾಳುವಲ್ಲಿ ಎರಡನ್ನೂ ಒಂದೇ ಸಮನೆ ಕೊಲ್ಲುತ್ತ ಹೋದರೆ, ಸರಾಸರಿಯಲ್ಲಿ ಬೇಟೆಗಾರನು ಕಡಿಮೆಯಾಗುತ್ತಾನೆ, ಬೇಟೆಯು ಹೆಚ್ಚುತ್ತದೆ. ಬಲೆಯ ಬದಲು ಸಿಂಪರಣೆಯನ್ನೂ, ಮೀನಿನ ಬದಲು ಗಿಡಹೇನನ್ನೂ ಇಟ್ಟು ನೋಡಿದರೆ ಇದು ನಮ್ಮ ಮಾಳಿಗೆಯ ತೋಟದ ಕಥೆಯೇ ಆಗುತ್ತದೆ.

ಗಿಡಹೇನಿನ ಸಂಸಾರವನ್ನು ಸ್ವಲ್ಪ ನೋಡಿದರೆ ಈ ಲೆಕ್ಕವು ಮನಸ್ಸಿಗೆ ಹತ್ತುತ್ತದೆ. ನಮ್ಮ ಬೆಚ್ಚನೆಯ ಹವೆಯಲ್ಲಿ ಹೆಣ್ಣು ಗಿಡಹೇನು ಗಂಡಿನ ಹಂಗಿಲ್ಲದೆಯೇ ಜೀವಂತ ಮರಿಗಳನ್ನು ಹೆರುತ್ತದೆ. ಆ ಮರಿಗಳು ವಾರ ಹತ್ತು ದಿನಗಳಲ್ಲಿ ತಾವೂ ಹೆರತೊಡಗುತ್ತವೆ. ಗುಲಗಂಜಿ ಹುಳುವಾದರೋ ಮೊಟ್ಟೆಯಿಟ್ಟು, ಮರಿಯಾಗಿ, ಕೋಶವಾಗಿ, ಪ್ರೌಢವಾಗಿ ಮತ್ತೆ ಮೊಟ್ಟೆಯಿಡಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಮೇಲಾಗಿ ಗಿಡಹೇನು ಕೂತಲ್ಲಿಯೇ ಕೂತು ರಸ ಹೀರುವ ಪ್ರಾಣಿ. ಬೇಟೆಗಾರನು ಎಲೆಯಿಂದೆಲೆಗೆ ಅಲೆಯುವವನು. ಆದ್ದರಿಂದ ಎಲೆಗೆ ಮೆತ್ತಿದ ವಿಷವನ್ನು ಅವನು ಹೆಚ್ಚು ಸವರಿಕೊಳ್ಳುತ್ತಾನೆ. ಸಿಂಪರಣೆಯಿಂದ ಹೇಗೋ ಉಳಿದರೂ ತಿನ್ನಲು ಏನೂ ಇಲ್ಲದೆ ಉಪವಾಸ ಬೀಳುತ್ತಾನೆ, ಇಲ್ಲವೆ ಹಾರಿಹೋಗುತ್ತಾನೆ. ಎಲೆಯ ಮಡಿಕೆಯಲ್ಲಿ ತಪ್ಪಿಸಿಕೊಂಡ ನಾಲ್ಕು ಗಿಡಹೇನುಗಳಿಗೆ ಇನ್ನು ಕೇಳುವವರಿಲ್ಲ. ಎರಡು ವಾರ ಕಳೆಯುವುದರೊಳಗೆ ಗೃಹಸ್ಥನು ಮತ್ತೆ ಸೀಸೆಯನ್ನು ಎತ್ತಿಕೊಳ್ಳುತ್ತಾನೆ. ಅಂಗಡಿಯವನಿಗೆ ಲಾಭ, ಗಿಡಹೇನಿಗೂ ಲಾಭ.

ಬೇಟೆಗಾರನಿಗೆ ಬೇಟೆ ಉಳಿದಿರಬೇಕೆಂಬುದನ್ನು ಪ್ರಯೋಗದಿಂದ ತೋರಿಸಿದವನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಕಾರ್ಲ್ ಹಫೇಕರ್. ೧೯೫೮ರಲ್ಲಿ ಪ್ರಕಟವಾದ ಆ ಪ್ರಯೋಗವು ಬಲು ಸರಳ, ಬಲು ಸೊಗಸು. ತಟ್ಟೆಯಲ್ಲಿ ಕಿತ್ತಳೆ ಹಣ್ಣುಗಳನ್ನಿಟ್ಟು, ಅವನ್ನು ತಿನ್ನುವ ನುಸಿಯನ್ನೂ, ಆ ನುಸಿಯನ್ನು ತಿನ್ನುವ ಇನ್ನೊಂದು ನುಸಿಯನ್ನೂ ಬಿಟ್ಟನು. ಹಣ್ಣುಗಳು ಒತ್ತಾಗಿದ್ದಲ್ಲಿ ಬೇಟೆಗಾರ ನುಸಿಯು ಬೇಟೆಯನ್ನು ಸಂಪೂರ್ಣವಾಗಿ ಹುಡುಕಿ ತಿಂದು, ಕಡೆಗೆ ತಾನೂ ಹಸಿವಿನಿಂದ ಸತ್ತಿತು. ಬಳಿಕ ಅವನು ಹಣ್ಣುಗಳನ್ನು ಹರಡಿಟ್ಟು, ನಡುನಡುವೆ ವ್ಯಾಸಲೀನಿನ ತಡೆಗಳನ್ನು ಬಳಿದು, ಬೇಟೆಯ ನುಸಿಯು ನೂಲಿನಲ್ಲಿ ಜೋತು ಗಾಳಿಯಲ್ಲಿ ತೇಲಿಹೋಗಲು ಅನುಕೂಲವಾಗುವಂತೆ ಕಡ್ಡಿಗಳನ್ನು ನೆಟ್ಟನು. ಅಂದರೆ ಬೇಟೆಗೆ ಅಡಗುವ, ಪಾರಾಗುವ ಅವಕಾಶ ಮಾಡಿಕೊಟ್ಟನು. ಆಗ ಎರಡೂ ಉಳಿದವು. ಒಂದರ ಬೆನ್ನಿಗೆ ಒಂದು ಏರುತ್ತ ಇಳಿಯುತ್ತ ಮೂರು ಅಲೆಗಳಷ್ಟು ಕಾಲ ಜೊತೆಯಲ್ಲಿ ಬಾಳಿದವು. ಶತ್ರುವಿಗೆ ಸ್ವಲ್ಪ ಎಡೆಗೊಟ್ಟಾಗಲೇ ಮಿತ್ರನೂ ನೆಲೆನಿಂತನು.

ಕಾವಲುಗಾರನನ್ನು ನೇಮಿಸಿದವನು ಅವನ ಕೂಳಿಗೂ ದಾರಿ ಮಾಡಬೇಕು. ಮನೆಯ ತೋಟದಲ್ಲಿ ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಕುಂಡಗಳ ನಡುವೆ ಎರಡು ಸಾಲು ಕೊತ್ತಂಬರಿ, ಸಬ್ಬಸಿಗೆ, ಸಾಸಿವೆಗಳನ್ನು ಹೂ ಬಿಡಲು ಬಿಟ್ಟರೆ ಹೂನೊಣಕ್ಕೂ ಜಾಲರೆಕ್ಕೆಗೂ ಮಧು ಪರಾಗಗಳು ದೊರೆಯುತ್ತವೆ. ಅಲಸಂದೆ, ಹರಳು ಮೊದಲಾದ ಗಿಡಗಳು ಹೂವಿನ ಹೊರಗೂ ಮಧುವಿನ ಗ್ರಂಥಿಗಳನ್ನು ಹೊಂದಿರುವುದರಿಂದ ಹೂವಿಲ್ಲದ ಕಾಲದಲ್ಲಿಯೂ ಅತಿಥಿಗಳನ್ನು ಕರೆಯುತ್ತವೆ. ಮೂಲೆಯ ಒಂದು ಗಿಡದಲ್ಲಿ ಗಿಡಹೇನುಗಳಿದ್ದರೆ ಇರಲಿ. ಅದು ಕಾವಲುಗಾರನ ಉಗ್ರಾಣವೆಂದು ಭಾವಿಸಿದರಾಯಿತು.

ಹುಳುವನ್ನು ಸಾಕುವ ಆಸಕ್ತಿಯುಳ್ಳವರಿಗೆ ಹಿಟ್ಟುತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿದೆ. ಬಲಿತ ಕುಂಬಳಕಾಯಿಯನ್ನು ತೊಳೆದು, ಅದರ ಮೇಲೆ ಹಿಟ್ಟುತಿಗಣೆಯನ್ನು ಹಬ್ಬಿಸಿ, ಬಟ್ಟೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲವು ಹುಳುಗಳನ್ನು ಬಿಟ್ಟರೆ ಕೆಲವು ವಾರಗಳಲ್ಲಿ ಹೊಸ ಪೀಳಿಗೆ ಹೊರಬರುತ್ತದೆ. ನಮ್ಮ ಪ್ರಯೋಗಶಾಲೆಗಳು ಅನುಸರಿಸುವ ಕ್ರಮದ ತಿರುಳು ಇದೇ. ಈ ಹುಳುವಿನ ಮರಿಯೂ ಹಿಟ್ಟುತಿಗಣೆಯಂತೆಯೇ ಬಿಳಿಯ ಮೇಣದ ಎಳೆಗಳನ್ನು ಹೊದ್ದಿರುವುದರಿಂದ, ಕಳ್ಳನನ್ನೂ ಕಾವಲುಗಾರನನ್ನೂ ಬೇರ್ಪಡಿಸಿ ನೋಡುವ ಕಣ್ಣು ಬೇಕು. ಕಾವಲುಗಾರನು ಗಾತ್ರದಲ್ಲಿ ದೊಡ್ಡವನು, ಓಡಾಟದಲ್ಲಿ ಚುರುಕು.

ಇಲ್ಲಿಯವರೆಗೆ ಕೀಟದ ಮಾತಾಯಿತು. ಗಿಡವೇನು ಸುಮ್ಮನೆ ನಿಂತಿರುತ್ತದೆಯೆ? ಇಲ್ಲ. ೧೯೮೮ರಲ್ಲಿ ಹಾಲೆಂಡಿನ ವಿಜ್ಞಾನಿಗಳಾದ ಡಿಕೆ ಮತ್ತು ಸಾಬೆಲಿಸ್ ಅವರು ಸೋಜಿಗದ ಸಂಗತಿಯೊಂದನ್ನು ವಿವರಿಸಿದರು. ನಮ್ಮ ಪೇಟೆಗಳಲ್ಲಿ ಡಬಲ್ ಬೀನ್ಸ್ ಎಂದು ಮಾರುವ ಅವರೆಯ ಬಂಧುವಿಗೆ ನುಸಿ ಹತ್ತಿದಾಗ, ಆ ಗಿಡವು ವಿಶಿಷ್ಟವಾದ ವಾಸನೆಗಳನ್ನು ಹೊರಬಿಡುತ್ತದೆ. ಆ ವಾಸನೆಯ ಜಾಡು ಹಿಡಿದು ಪರಭಕ್ಷಕ ನುಸಿಗಳು ಬರುತ್ತವೆ. ಗಿಡವು ಕೂಗುತ್ತದೆ, ಕಾವಲುಗಾರನು ಓಗೊಡುತ್ತಾನೆ ಎಂದರೂ ತಪ್ಪಾಗದು. ಇದಕ್ಕಿಂತಲೂ ಯೋಚಿಸಬೇಕಾದ ಸಂಗತಿ ೨೦೦೫ರಲ್ಲಿ ಹೊರಬಿದ್ದಿತು. ಮೆಕ್ಕೆಜೋಳದ ಬೇರನ್ನು ಹುಳು ಕಡಿದಾಗ ಬೇರು ಹೊರಡಿಸುವ ಒಂದು ವಸ್ತುವಿನಿಂದ, ಆ ಹುಳುವನ್ನು ಕೊಲ್ಲುವ ಸೂಕ್ಷ್ಮ ದುಂಡುಹುಳುಗಳು ಆಕರ್ಷಿತವಾಗುತ್ತವೆ. ಮೆಕ್ಕೆಜೋಳದ ಕಾಡು ಬಂಧುವಿನಲ್ಲಿಯೂ ಯುರೋಪಿನ ತಳಿಗಳಲ್ಲಿಯೂ ಈ ಗುಣವಿದೆ. ಉತ್ತರ ಅಮೆರಿಕದ ಬಹುತೇಕ ತಳಿಗಳಲ್ಲಿ ಮಾತ್ರ ಅದು ಲೋಪವಾಗಿದೆ. ಇಳುವರಿಯೊಂದನ್ನೇ ನೋಡಿ ಬೀಜ ಆರಿಸುತ್ತ ಬಂದಲ್ಲಿ, ಕೂಗುವ ಶಕ್ತಿಯಂಥ ಗುಣವು ಯಾರಿಗೂ ತಿಳಿಯದಂತೆ ಕೈಬಿಟ್ಟುಹೋಗಬಹುದು ಎಂಬ ಪಾಠವನ್ನು ನಾವು ಇದರಿಂದ ಕಲಿಯಬೇಕು.

ಗಿಡದ ಮೈಯೂ ಗಮನಿಸತಕ್ಕ ವಿಷಯವೇ. ಟೊಮೇಟೊ ಗಿಡದ ಅಂಟುರೋಮಗಳು ಕೆಲವು ಪೀಡೆಗಳನ್ನು ತಡೆಯುವುದೇನೋ ನಿಜ; ಆದರೆ ಅದೇ ರೋಮಗಳಲ್ಲಿ ಪರಭಕ್ಷಕ ನುಸಿಯೂ ಸಿಕ್ಕಿಕೊಂಡು ತೊಳಲುತ್ತದೆ. ಕೆನಡಾದಲ್ಲಿ ೨೦೧೮ರಿಂದ ಮನೆಯೊಂದಕ್ಕೆ ನಾಲ್ಕು ಗಾಂಜಾ ಗಿಡಗಳನ್ನು ಬೆಳೆಯಲು ಒಕ್ಕೂಟದ ಕಾನೂನು ಅವಕಾಶವಿತ್ತಿದೆ. ಆ ಗಿಡದ ಹೂವನ್ನು ಸುಟ್ಟು ಹೊಗೆ ಸೇವಿಸುವುದರಿಂದ ವಿಷದ ಸಿಂಪರಣೆಯು ಇನ್ನೂ ಅಪಾಯಕರವೆಂದು ಅಲ್ಲಿಯ ಬೆಳೆಗಾರರಲ್ಲಿ ಅನೇಕರು ಪರಭಕ್ಷಕ ನುಸಿಗಳನ್ನೂ ಕೀಟಗಳನ್ನೂ ಅವಲಂಬಿಸಿದ್ದಾರೆ. ಅವರಿಗೂ ಎದುರಾಗುವ ತೊಡಕು ಇದೇ: ಆ ಹೂವಿನ ಅಂಟುರೋಮಗಳು. ನಮ್ಮಲ್ಲಿ ೧೯೮೫ರ ಮಾದಕ ವಸ್ತುಗಳ ಕಾಯಿದೆಯು ಪರವಾನಗಿಯಿಲ್ಲದೆ ಆ ಗಿಡವನ್ನು ಬೆಳೆಯುವುದನ್ನು ನಿಷೇಧಿಸಿದೆ. ನಮಗೆ ಅದರ ಗೊಡವೆ ಬೇಡ. ಟೊಮೇಟೊ, ಬದನೆ, ಅಲಸಂದೆಗಳ ಬೀಜವನ್ನು ಆರಿಸುವವರಿಗೂ ಪಾಠ ಅದೇ ಎಂಬುದಷ್ಟೇ ಇಲ್ಲಿ ಮುಖ್ಯ. ಸಿಂಪರಣೆಯ ನೆರಳಿನಲ್ಲಿ ಬೆಳೆದ ಗಿಡಗಳಲ್ಲಿ ಯಾವುದಕ್ಕೆ ಸ್ವಂತ ಬಲವಿದೆ, ಯಾವುದಕ್ಕಿಲ್ಲ ಎಂಬುದು ತಿಳಿಯುವ ಬಗೆಯೇ ಇಲ್ಲ. ವಿಷವಿಲ್ಲದೆ, ಕಾವಲುಗಾರರ ನಡುವೆ, ಕೊಂಚ ಹುಳು ತಿನ್ನಿಸಿಕೊಂಡೂ ಚೆನ್ನಾಗಿ ಕಾಯಿಬಿಟ್ಟ ಗಿಡದ ಬೀಜವನ್ನೇ ಮುಂದಿನ ವರ್ಷಕ್ಕೆ ತೆಗೆದಿಡಬೇಕು. ಟೊಮೇಟೊ, ಅಲಸಂದೆಗಳು ಬಹುಮಟ್ಟಿಗೆ ಸ್ವಪರಾಗಸ್ಪರ್ಶದವಾದ್ದರಿಂದ, ಸಂಕರ ತಳಿಯಲ್ಲದಿದ್ದರೆ, ಮನೆಯಲ್ಲಿಯೇ ಈ ಆಯ್ಕೆ ಸುಲಭಸಾಧ್ಯ.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳುವುದು ನ್ಯಾಯ. "ಗುಲಗಂಜಿ ಹುಳು ಬರುವವರೆಗೆ ಕಾಯುತ್ತ ಕೂತರೆ ಗಿಡವೇ ಸತ್ತುಹೋದೀತು" ಎನ್ನುವರು. ಇದರಲ್ಲಿ ಸತ್ಯಾಂಶವಿದೆ. ಆದರೆ ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಕುಂಡದ ಗಿಡವನ್ನು ನೀರಿನ ರಭಸದಿಂದ ತೊಳೆಯಬಹುದು. ಹೇನು ಮುತ್ತಿದ ಕುಡಿಯನ್ನು ಚಿವುಟಬಹುದು. ತೀರ ಅಗತ್ಯವಾದಲ್ಲಿ ಸಾಬೂನಿನ ತೆಳು ದ್ರಾವಣವನ್ನು ಆ ಕುಡಿಗಷ್ಟೇ ಎರಚಬಹುದು. ತಾಗಿದಾಗ ಅದು ಮಿತ್ರನನ್ನೂ ಕೊಲ್ಲುವುದಾದರೂ, ಒಣಗಿದ ಮೇಲೆ ಅದರ ವಿಷ ಉಳಿಯುವುದಿಲ್ಲ. ಹಿಟ್ಟುತಿಗಣೆಯ ಸಿಹಿರಸದ ಆಸೆಗೆ ಇರುವೆಗಳು ಅದರ ರಕ್ಷಣೆಗೆ ನಿಂತು ಗುಲಗಂಜಿ ಹುಳುವನ್ನು ಓಡಿಸುತ್ತವಾದ್ದರಿಂದ, ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಇರುವೆಗಳನ್ನು ತಡೆಯಬೇಕು. ಮಾವು ಗೇರುಗಳ ಮೇಲಿನ ಕೆಲವು ಪೀಡೆಗಳನ್ನು ಓಡಿಸುವ ಚಗಳಿಯೂ ಈ ದೋಷದಿಂದ ಮುಕ್ತವಲ್ಲ. ಒಂದು ಕೈಯಲ್ಲಿ ಕಾಯುತ್ತದೆ, ಇನ್ನೊಂದು ಕೈಯಲ್ಲಿ ಹಿಟ್ಟುತಿಗಣೆಯನ್ನು ಪೋಷಿಸುತ್ತದೆ.

ಕಾವಲುಗಾರರು ಸರ್ವಶಕ್ತರೆಂದೂ ನಾವು ಹೇಳುವುದಿಲ್ಲ. ಮೇಲೆ ಹೇಳಿದ ಕ್ರಿಪ್ಟೊಲೀಮಸ್ ಹುಳುವನ್ನು ೧೮೯೮ರಲ್ಲಿ ನಮ್ಮ ದೇಶಕ್ಕೆ ಆಸ್ಟ್ರೇಲಿಯದಿಂದ ತರಿಸಿದ್ದು ಕಾಫಿಯ ಹಸಿರು ಶಲ್ಕಕೀಟಕ್ಕಾಗಿ. ಆ ಕೆಲಸದಲ್ಲಿ ಅದು ಸೋತಿತು. ದಕ್ಷಿಣ ಭಾರತದಲ್ಲಿ ನೆಲೆಯೂರಿ ಹಿಟ್ಟುತಿಗಣೆಯ ವೈರಿಯಾಗಿ ಹೆಸರು ಪಡೆಯಿತು. ಇನ್ನು ಪರದೇಶದ ಕೀಟವನ್ನು ಕಂಡಕಂಡವರು ತರಿಸಿ ಬಿಡುವುದಂತೂ ಕೂಡದು. ಗಿಡಹೇನಿನ ನಾಶಕ್ಕೆಂದು ಏಷ್ಯಾದಿಂದ ಅಮೆರಿಕ, ಯುರೋಪುಗಳಿಗೆ ಒಯ್ದ ಹಾರ್ಲೆಕ್ವಿನ್ ಎಂಬ ಗುಲಗಂಜಿ ಹುಳುವು ಅಲ್ಲಿ ಮಿತಿಮೀರಿ ಹಬ್ಬಿತು. ೨೦೦೪ರಲ್ಲಿ ಅದು ಬ್ರಿಟನ್ನಿಗೆ ಕಾಲಿಟ್ಟ ಮೇಲೆ ಅಲ್ಲಿಯ ಎರಡು ಚುಕ್ಕೆಯ ದೇಶೀಯ ಗುಲಗಂಜಿ ಹುಳು ಬಹಳವಾಗಿ ಕ್ಷೀಣಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ನಮ್ಮ ತೋಟಕ್ಕೆ ನಮ್ಮ ನೆಲದ ಹುಳುಗಳೇ ಸಾಕು. ಅವನ್ನು ಕೊಲ್ಲದಿದ್ದರೆ ಅವು ತಾವಾಗಿಯೇ ಬರುತ್ತವೆ.

ಹೊರಗಿನಿಂದ ತರಲೇಬೇಕಾದಾಗ ಅದು ತಜ್ಞರ ಕೆಲಸ. ಅದಕ್ಕೆ ಯೋಗ್ಯರಾದವರು ನಮ್ಮ ನಡುವೆಯೇ ಇದ್ದಾರೆ. ೨೦೦೮ರಲ್ಲಿ ಪರಂಗಿಯ ಹಿಟ್ಟುತಿಗಣೆಯು ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪರಂಗಿ, ಹಿಪ್ಪುನೇರಳೆ, ಮರಗೆಣಸುಗಳ ಮೇಲೆ ಹಬ್ಬಿ ರೈತರನ್ನು ಕಂಗೆಡಿಸಿತು. ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂದು ಕರೆಯಲಾಗುವ ಬೆಂಗಳೂರಿನ ಸಂಸ್ಥೆಯು ೨೦೧೦ರಲ್ಲಿ ಪೋರ್ಟೊರಿಕೊದಿಂದ ಸಣ್ಣ ಕಣಜದ ಜಾತಿಗಳನ್ನು ತರಿಸಿ, ಪರೀಕ್ಷಿಸಿ, ಸಾಕಿ, ಹಂಚಿತು. ಇವು ಹಿಟ್ಟುತಿಗಣೆಯ ಒಡಲಲ್ಲಿ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ಕೊಲ್ಲುವ ಜಾತಿಯವು. ಪೀಡೆಯು ಹತೋಟಿಗೆ ಬಂದಿತು.

ಇಂಥ ವಿದ್ಯೆ ನಮ್ಮ ನಾಡಿನಲ್ಲಿಯೇ ಇದ್ದರೂ ಗೃಹಸ್ಥನಿಗೆ ಸುಲಭವಾಗಿ ದೊರೆಯುವುದು ವಿಷದ ಸೀಸೆಯೇ ಎಂಬುದು ಖೇದದ ಸಂಗತಿ. ಜಾಲರೆಕ್ಕೆಯ ಮೊಟ್ಟೆಗಳ ಒಂದು ಪೊಟ್ಟಣ, ಕ್ರಿಪ್ಟೊಲೀಮಸ್ಸಿನ ಒಂದು ಡಬ್ಬಿ, ಬಿತ್ತನೆಯ ಬೀಜದಷ್ಟೇ ಸುಲಭವಾಗಿ ಊರೂರಿನಲ್ಲಿ ಸಿಕ್ಕುವಂತಾಗಬೇಕು. ಕೃಷಿ ವಿಶ್ವವಿದ್ಯಾನಿಲಯಗಳೂ ತೋಟಗಾರಿಕೆಯ ಇಲಾಖೆಯೂ ಈ ಕಡೆ ಮನಸ್ಸು ಮಾಡಬೇಕು. ಕೀಟನಾಶಕದ ಸೀಸೆಯ ಮೇಲೆ ಅದು ಯಾವ ಯಾವ ಮಿತ್ರಕೀಟಗಳನ್ನು ಕೊಲ್ಲುವುದೆಂದು ಕನ್ನಡದಲ್ಲಿ ಎದ್ದು ಕಾಣುವಂತೆ ಅಚ್ಚಾಗಬೇಕು. ಶಾಲೆಗಳಲ್ಲಿ ಮಕ್ಕಳಿಗೆ ಗುಲಗಂಜಿ ಹುಳುವಿನ ಮರಿಯನ್ನೂ ಹೂನೊಣದ ಮರಿಯನ್ನೂ ತೋರಿಸಿಕೊಡಬೇಕು; ಗುರುತಿಲ್ಲದವರು ಮಿತ್ರನನ್ನೇ ಹೊಸಕುತ್ತಾರೆ.

ವಾಚಕರಲ್ಲಿ ನಮ್ಮ ವಿಜ್ಞಾಪನೆಯಾದರೋ ಇನ್ನೂ ಚಿಕ್ಕದು. ಮುಂದಿನ ಸಲ ಅಲಸಂದೆಯ ಕುಡಿಯಲ್ಲಿ ಗಿಡಹೇನುಗಳು ಕಂಡಾಗ ಸೀಸೆಗೆ ಕೈಹಾಕುವ ಮುನ್ನ ಎಲೆಯನ್ನು ಮಗುಚಿ ನೋಡಿರಿ. ಹಳದಿಯ ಮೊಟ್ಟೆಗಳ ಗುಂಪೋ, ತೊಟ್ಟಿನ ಮೇಲೆ ನಿಂತ ಬಿಳಿಯ ಚುಕ್ಕೆಯೋ, ಪುಟ್ಟ ಮೊಸಳೆಯೋ ಅಲ್ಲಿ ಇರಬಹುದು. ಇದ್ದರೆ ಹತ್ತು ದಿನ ತಾಳಿರಿ. ತಾಳಿದವನು ಬಾಳಿಯಾನು ಎಂಬ ಗಾದೆ ಮನುಷ್ಯನಿಗಷ್ಟೇ ಅಲ್ಲ, ಅವನ ಗಿಡಗಳಿಗೂ ಸಲ್ಲುತ್ತದೆ.